ಊರಿಗೆ ಬಂದವರು ನೀರಿಗೆ ಬಾರದಿರುವರೇ?

ದೀಪಾವಳಿ ಕಳೆದು ಕಾಫಿಯ ಹಣ್ಣು ಕೆಂಪೇರುವ ಕಾಲಕ್ಕೆ ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಸೀಮೆಗಳ ತೋಟಗಳಿಗೆ ಹೊಸ ಜನರು ಬಂದು ಇಳಿಯುತ್ತಾರೆ. ಪೂರ್ವದಲ್ಲಿ ಈ ಕೆಲಸಕ್ಕೆ ಘಟ್ಟದ ಕೆಳಗಿನಿಂದ ತುಳುವರೂ ಮೈಸೂರಿನ ಬಯಲಿನಿಂದ ಕನ್ನಡಿಗರೂ ತೆಂಕಣದಿಂದ ತಮಿಳರೂ ಬರುತ್ತಿದ್ದರು. ಈಗಲಾದರೋ ಅಸ್ಸಾಮ, ಬಂಗಾಳ, ಝಾರ್ಖಂಡ, ಒಡಿಶಾ, ಬಿಹಾರಗಳವರು ಎರಡು ಮೂರು ದಿವಸ ರೈಲಿನಲ್ಲಿ ಕುಳಿತು, ಮಕ್ಕಳನ್ನು ಸೊಂಟದಲ್ಲಿಯೂ ಪಾತ್ರೆಗಳನ್ನು ಗೋಣೀಚೀಲದಲ್ಲಿಯೂ ಹೊತ್ತುಕೊಂಡು ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಕೆಲವರು ತಿರಿಗಿ ಹೋಗುತ್ತಾರೆ, ಅನೇಕರು ಹೋಗುವುದಿಲ್ಲ. ತೋಟದ ಲೈನ್ ಮನೆಗಳಲ್ಲಿಯೂ, ನಮ್ಮ ಸಭೆಯವರೇ ಬಾಡಿಗೆಗೆಂದು ಕಟ್ಟಿಸಿದ ಕೋಣೆಗಳಲ್ಲಿಯೂ ಅವರು ಬಿಡಾರ ಹೂಡಿದ್ದಾರೆ. ಕರಾವಳಿಯ ಮೀನಿನ ಬಂದರುಗಳಲ್ಲಿ, ಬಯಲುಸೀಮೆಯ ಇಟ್ಟಿಗೆ ಭಟ್ಟಿಗಳಲ್ಲಿ, ಕೋಳಿ ಸಾಕುವ ಕೊಟ್ಟಿಗೆಗಳಲ್ಲಿ ನೋಡಿದರೂ ಸಂಗತಿ ಇದೇ ಆಗಿರುತ್ತದೆ.

ಈ ಹೊಸಬರಿಗೆ ನಾವು ಯಾವ ವಿಷಯದಲ್ಲಿ ಸಾಲಗಾರರಾಗಿದ್ದೇವೆ ಎಂಬ ಪ್ರಶ್ನೆಯನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ. ಉತ್ತರವು ಸುಲಭವೆಂದು ತೋರಬಹುದು. ಕ್ರೈಸ್ತನು ಪರದೇಶಿಯನ್ನು ಪ್ರೀತಿಸತಕ್ಕದ್ದು, ಇದರಲ್ಲಿ ವಿಚಾರಿಸುವುದೇನಿದೆ? ಎಂದು ಕೆಲವರು ಅನ್ನುವರು. ಆದರೆ ಪರದೇಶಿಗಳಲ್ಲಿ ಎರಡು ತರದವರುಂಟು. ಒಬ್ಬನು ಅತಿಥಿ, ಇನ್ನೊಬ್ಬನು ನೆರೆಯವನು. ಅತಿಥಿಯನ್ನು ಉಪಚರಿಸುವುದು ನಮ್ಮ ದೇಶದವರು ಪಾದ್ರಿಗಳಿಂದ ಕಲಿತ ಗುಣವಲ್ಲ. ಬಿಸಿಲಲ್ಲಿ ನಡೆದು ಬಂದವನಿಗೆ ಬೆಲ್ಲ ನೀರು ಕೊಡುವ ಪದ್ಧತಿಯು ಸುವಾರ್ತೆಗೆ ಮುಂಚೆಯೂ ನಮ್ಮ ಹಳ್ಳಿಗಳಲ್ಲಿತ್ತು. ಆದರೆ ಅತಿಥಿಯ ವಿಷಯದಲ್ಲಿ ನಾವು ಅಷ್ಟು ಒಳ್ಳೆಯವರಾಗಿರುವುದಕ್ಕೆ ಒಂದು ಕಾರಣ, ಅವನು ನಾಳೆ ಹೊರಟುಹೋಗುವನೆಂಬ ಭರವಸೆಯೇ ಅಲ್ಲವೋ? ಹೋಗದೆ ನಿಂತವನು ಅತಿಥಿಯಲ್ಲ. ಅವನಿಗೆ ಬೆಲ್ಲ ಬೇಡ, ನೀರು ಬೇಕು. ಅದೂ ಒಂದು ತಂಬಿಗೆಯಲ್ಲ, ದಿನಾಲು ನಾಲ್ಕು ಕೊಡ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಹೊಸ ಸೊಸೆಯ ಮುಖವನ್ನು ನೋಡಲಿಕ್ಕೆ ಅವಸರಪಡುವವರನ್ನು ಸುಮ್ಮಗಿರಿಸುವ ಗಾದೆಯದು. ನಾವು ಅದನ್ನು ಇಲ್ಲಿ ಬೇರೊಂದು ಅರ್ಥದಲ್ಲಿ ತೆಗೆದುಕೊಳ್ಳುತ್ತೇವೆ. ಊರಿಗೆ ಬಂದವರು ನೀರಿಗೂ ಬರುತ್ತಾರೆ, ನ್ಯಾಯಬೆಲೆ ಅಂಗಡಿಗೂ ಬರುತ್ತಾರೆ, ಶಾಲೆಗೂ ಆಸ್ಪತ್ರೆಗೂ ಬರುತ್ತಾರೆ, ಜಗಳಕ್ಕೂ ಬರುತ್ತಾರೆ. ನಮಗೆ ಕೈಗಳು ಬೇಕೆಂದು ಕರೆದೆವು. ಬಂದವರು ಕೈಗಳಲ್ಲ, ಮನುಷ್ಯರು. ಇಲ್ಲಿಂದಲೇ ಕಷ್ಟವು ಆರಂಭವಾಗುತ್ತದೆ.

ಇವರು ಯಾರು? ನಮ್ಮ ಬಾಯಲ್ಲಿ ಇವರಿಗೆ ಹೆಸರಿಲ್ಲ. ಹಿಂದಿಯವರು ಎನ್ನುತ್ತೇವೆ, ಬೆಂಗಾಲಿಗಳು ಎನ್ನುತ್ತೇವೆ, ಅಸ್ಸಾಮಿನವರು ಎನ್ನುತ್ತೇವೆ. ಒಡಿಶಾದವನಿಗೂ ಅದೇ ಹೆಸರು, ಝಾರ್ಖಂಡದವನಿಗೂ ಅದೇ. ಅವರ ಹತ್ತಿರ ಕುಳಿತು ವಿಚಾರಿಸಿದರೆ ಒಬ್ಬನು ಮುಂಡ, ಒಬ್ಬನು ಉರಾಂವ್, ಒಬ್ಬನು ಸಂತಾಲ, ಒಬ್ಬನು ಬಂಗಾಳದ ಮುಸಲ್ಮಾನ ಎಂದು ತಿಳಿಯುತ್ತದೆ. ಅಸ್ಸಾಮಿನಿಂದ ಬರುವವರಲ್ಲಿ ಅನೇಕರು ಅಲ್ಲಿನ ಚಹಾ ತೋಟದವರು. ಇವರ ಪೂರ್ವಿಕರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಛೋಟಾ ನಾಗಪುರದ ಕಾಡುಬೆಟ್ಟಗಳಿಂದ ಗುತ್ತಿಗೆದಾರರು ಕರೆದುಕೊಂಡು ಹೋಗಿ ಆ ತೋಟಗಳಲ್ಲಿ ಬಿಟ್ಟರು. ನಾಲ್ಕೈದು ತಲೆಗಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾದರೂ ಇವರು ಹೊರಗಿನವರೆಂಬ ಮಾತು ಅಲ್ಲಿ ಇನ್ನೂ ಅಳಿದುಹೋಗಿಲ್ಲ. ಈಗ ಮೊಮ್ಮಕ್ಕಳು ನಮ್ಮಲ್ಲಿಗೆ ಬಂದು ಎರಡನೆಯ ಸಾರಿ ಹೊರಗಿನವರಾಗಿದ್ದಾರೆ.

ಇನ್ನೊಂದು ಸಂಗತಿಯನ್ನು ನಮ್ಮ ಸಭೆಯವರು ತಿಳಿಯತಕ್ಕದ್ದು. ಗೋಸ್ನರ್ ಮಿಶನಿನ ಬೋಧಕರು ೧೮೪೫ನೆಯ ಇಸವಿಯಲ್ಲಿ ರಾಂಚಿಗೆ ಬಂದು ಮುಂಡರಿಗೂ ಉರಾಂವರಿಗೂ ಸುವಾರ್ತೆಯನ್ನು ಸಾರಿದರು. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದದ್ದನ್ನು ನಮ್ಮ ಮಕ್ಕಳು ಆದಿತ್ಯವಾರದ ಶಾಲೆಯಲ್ಲಿ ಕಲಿಯುತ್ತಾರಷ್ಟೆ. ನಡುವೆ ಹನ್ನೊಂದೇ ವರುಷಗಳ ಅಂತರ. ಆದಕಾರಣ ಸುಗ್ಗಿಯ ಕಾಲದಲ್ಲಿ ದೇವಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು, ರಾಗವನ್ನು ಗುರುತಿಸಿ ಮಾತನ್ನು ಅರಿಯದೆ ಬಾಯಿ ಅಲ್ಲಾಡಿಸುವ ಆ ತರುಣನು ನಮಗಿಂತ ಹೊಸ ಕ್ರೈಸ್ತನೆಂದು ಎಣಿಸಬಾರದು. ಅವನ ಮುತ್ತಜ್ಜನೂ ನಮ್ಮ ಮುತ್ತಜ್ಜನೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಸ್ನಾನ ಹೊಂದಿರಬಹುದು. ಕ್ರೈಸ್ತನೆಂಬ ಕಾರಣದಿಂದಲೇ ಅವನನ್ನು ಸೇರಿಸಿಕೊಳ್ಳಿರಿ, ಮಿಕ್ಕವರನ್ನು ಬಿಡಿರಿ ಎಂದು ನಾವು ಹೇಳುವುದಿಲ್ಲ. ಕರ್ತನು ಹೇಳಿದ ಸಾಮ್ಯದಲ್ಲಿ ದಾರಿಯಲ್ಲಿ ಬಿದ್ದವನ ಮತವನ್ನು ಸಮಾರ್ಯದವನು ವಿಚಾರಿಸಲಿಲ್ಲ.

ಈಗ ನಮ್ಮ ಸ್ವಂತ ಕಥೆಗೆ ಬರೋಣ. ನಮ್ಮ ಹಿರಿಯರಲ್ಲಿ ಬಹುಜನರಿಗೆ ಊರ ಬಾವಿಯ ಕಟ್ಟೆಯನ್ನು ಹತ್ತುವ ಹಕ್ಕು ಇದ್ದಿಲ್ಲ. ಕೆಳಗೆ ನಿಂತು, ಮೇಲಿದ್ದವರು ಮನಸ್ಸು ಬಂದಾಗ ಸುರಿದ ನೀರನ್ನು ಮಡಕೆಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಮೇಲಿನ ಜಾತಿಗಳಿಂದ ಕ್ರಿಸ್ತನ ಕಡೆಗೆ ಬಂದವರ ಗತಿಯು ಬೇರೆ ರೀತಿಯಲ್ಲಿ ಕಠಿಣವಾಗಿತ್ತು. ಸ್ನಾನ ಹೊಂದಿದ ದಿವಸವೇ ಮನೆಯೂ ಹೊಲವೂ ಕಸುಬೂ ಹೋಗಿ, ಹೆತ್ತ ತಾಯಿಯು ಸತ್ತವನಿಗೆ ಅಳುವಂತೆ ಅತ್ತಳು. ಹೀಗೆ ಬೀದಿಗೆ ಬಿದ್ದವರಿಗೆ ಅನ್ನದ ದಾರಿ ತೋರಿಸುವುದಕ್ಕಾಗಿಯೇ ಮಂಗಳೂರಲ್ಲಿ ನೇಯ್ಗೆಯ ಕಾರ್ಖಾನೆಯೂ ೧೮೬೫ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅಯ್ಯನವರ ಹಂಚಿನ ಕಾರ್ಖಾನೆಯೂ ಹುಟ್ಟಿದವು. ಕೊಡಗಿನಲ್ಲಿ ಮೊಗ್ಲಿಂಗ್ ಅಯ್ಯನವರು ೧೮೫೦ರ ದಶಕದಲ್ಲಿ ಆನಂದಪುರವನ್ನು ನೆಲೆಗೊಳಿಸಿದ್ದು ಸಹ, ತಲೆಯಿಂದ ತಲೆಗೆ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದು ಅಂಗೈಯಷ್ಟು ಭೂಮಿಯೂ ಇಲ್ಲದ ಕುಟುಂಬಗಳಿಗೋಸ್ಕರ. ನಾವು ಈಗ ನಮ್ಮ ಊರು, ನಮ್ಮ ಬೀದಿ, ನಮ್ಮ ಬಾವಿ ಎನ್ನುವ ಅನೇಕ ಸ್ಥಳಗಳು ಒಂದು ಕಾಲದಲ್ಲಿ ಬಿಡಾರಗಳಾಗಿದ್ದವು. ಸುತ್ತಲಿನ ಹಳ್ಳಿಯವರು ನಮ್ಮ ಹಿರಿಯರನ್ನು ನೋಡಿ, ಇವರು ಎಲ್ಲಿಂದ ಬಂದರು, ಇವರ ಕುಲವೇನು, ಇವರಿಂದ ಊರು ಕೆಡುವದು ಎಂದದ್ದುಂಟು. ಆ ಮಾತುಗಳನ್ನು ನಾವು ಮರೆತದ್ದು ಒಳ್ಳೇದೇ. ಆದರೆ ಅವೇ ಮಾತುಗಳು ಈಗ ನಮ್ಮ ಬಾಯಿಂದ ಹೊರಡುವಾಗ ಅವುಗಳ ಗುರುತು ನಮಗೆ ಸಿಕ್ಕಬೇಕಾಗಿತ್ತು.

ಬೇಸಿಗೆಯಲ್ಲಿ ನಲ್ಲಿಯ ಬಳಿ ನಡೆಯುವ ಸಂಗತಿಯನ್ನು ಹೇಳುತ್ತೇವೆ. ಪಂಚಾಯಿತಿಯ ನೀರು ಎರಡು ದಿವಸಕ್ಕೊಮ್ಮೆ ಒಂದು ಗಳಿಗೆ ಬರುತ್ತದೆ. ಹೊಸಬರ ಹೆಂಗಸರು ಮುಂಜಾನೆಯೇ ಕೊಡಗಳನ್ನು ಸಾಲಾಗಿ ಇಟ್ಟರೂ, ನಮ್ಮವರು ಬಂದಾಗ ಆ ಕೊಡಗಳು ಹೇಗೋ ಹಿಂದಕ್ಕೆ ಸರಿಯುತ್ತವೆ. ಯಾರೂ ಕೆಟ್ಟ ಮಾತು ಆಡುವುದಿಲ್ಲ, ಕೈಮಾಡುವುದಿಲ್ಲ. ಕೊಡ ಮಾತ್ರ ಹಿಂದಕ್ಕೆ ಹೋಗುತ್ತದೆ. ನೀರು ನಿಂತ ಮೇಲೆ ಖಾಲಿ ಕೊಡವನ್ನು ತೆಗೆದುಕೊಂಡು ಹೋಗುವವಳಿಗೆ ದೂರು ಹೇಳುವ ಭಾಷೆ ತಿಳಿಯದು. ಹೀಗೆ ಮಾಡುವವರು ದುಷ್ಟರಲ್ಲ. ಸಭೆಗೆ ತಪ್ಪದೆ ಬರುವ, ರೋಗಿಗಳನ್ನು ನೋಡಲು ಹೋಗುವ ಒಳ್ಳೇ ತಾಯಂದಿರೇ. ಪಾಪವು ನಮ್ಮೊಳಗೆ ಬರುವಾಗ ಕತ್ತಿ ಹಿಡಿದು ಬರುವುದಿಲ್ಲ. ಕೊಡವನ್ನು ಒಂದು ಮೊಳ ಸರಿಸಿ ಬರುತ್ತದೆ.

ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇಸಾಕನ ಬಾವಿಗಳ ಕಥೆಯಿದೆ. ಅವನು ಗೆರಾರಿನ ತಗ್ಗಿನಲ್ಲಿ ಬಿಡಾರಮಾಡಿದ ಪರದೇಶಿ. ಬಾವಿ ತೋಡಿದನು, ಅಲ್ಲಿನ ಕುರುಬರು ನೀರು ನಮ್ಮದೆಂದರು. ಮತ್ತೊಂದು ತೋಡಿದನು, ಅದಕ್ಕೂ ಜಗಳವಾಯಿತು. ಮೂರನೆಯದಕ್ಕೆ ಜಗಳವಾಗಲಿಲ್ಲ, ಅದಕ್ಕೆ ಅವನು ರೆಹೋಬೋತೆಂದು, ಅಂದರೆ ವಿಶಾಲಸ್ಥಳವೆಂದು ಹೆಸರಿಟ್ಟನು. ಇಸಾಕನ ತಾಳ್ಮೆಯನ್ನು ಹೊಗಳಿ ಬೋಧಿಸುವುದು ನಮ್ಮಲ್ಲಿ ವಾಡಿಕೆ. ಆದರೆ ನಾವು ಆ ಕಥೆಯಲ್ಲಿ ಯಾರು? ನಮ್ಮ ಅಜ್ಜಂದಿರು ಇಸಾಕರಾಗಿದ್ದರು. ಈ ಹೊತ್ತು ನಾವು ಗೆರಾರಿನ ಕುರುಬರ ಸ್ಥಾನದಲ್ಲಿದ್ದೇವೆ. ಆ ಕುರುಬರ ಪಕ್ಷದಲ್ಲಿಯೂ ನ್ಯಾಯವಿರಲಿಲ್ಲವೆಂದು ಹೇಳಕೂಡದು; ಅದು ನೀರು ಕಡಿಮೆಯಾದ ಸೀಮೆ, ಅವರಿಗೂ ಮಂದೆಗಳಿದ್ದವು. ಕಷ್ಟವೆಲ್ಲಾ ಇಲ್ಲಿಯೇ ಇದೆ. ನೀರು ಬೇಕಾದಷ್ಟು ಇರುವಲ್ಲಿ ಪ್ರೀತಿಗೆ ಪರೀಕ್ಷೆಯಿಲ್ಲ.

ಇದಕ್ಕಿಂತ ಆಳವಾದ ಬಾವಿ ಒಂದುಂಟು, ಅದು ಕೂಲಿಯ ವಿಷಯ. ನಮ್ಮ ಸಭೆಯ ಒಬ್ಬ ಬಡ ತಾಯಿಯು ಎದ್ದು, ಉಪದೇಶಿಯವರೇ, ನೀವು ಪರದೇಶಿಯನ್ನು ಪ್ರೀತಿಸೆನ್ನುತ್ತೀರಿ. ಅವರು ಬಂದ ಮೇಲೆ ನನಗೆ ವಾರದಲ್ಲಿ ಮೂರೇ ದಿವಸ ಕೆಲಸ ಸಿಕ್ಕುತ್ತದೆ. ನನ್ನ ಮಕ್ಕಳಿಗೆ ನಿಮ್ಮ ಪ್ರೀತಿಯನ್ನು ಬಡಿಸಲೋ? ಎಂದು ಕೇಳಿದರೆ, ಅವಳಿಗೆ ವೇದವಾಕ್ಯವನ್ನು ಹೇಳಿ ಕೂರಿಸುವುದು ಸುಲಭ. ಅದು ಉತ್ತರವಾಗುವುದಿಲ್ಲ. ಆಕೆಯ ಮಾತು ನಿಜ. ಮೇಸ್ತ್ರಿಯು ಮುಂಗಡ ಕೊಟ್ಟು ದೂರದಿಂದ ಕರೆತಂದವನು ಹೊತ್ತು ನೋಡದೆ ದುಡಿಯುತ್ತಾನೆ. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವಾಗ ಗಂಡಹೆಂಡಿರು ಬೆಳಕು ಹರಿಯುವುದರಿಂದ ಕತ್ತಲಾಗುವ ತನಕ ಗಿಡದ ಬುಡ ಬಿಡುವುದಿಲ್ಲ. ಹಬ್ಬವೆಂದು ರಜ ಕೇಳುವುದಿಲ್ಲ, ಏಕೆಂದರೆ ಅವರ ಹಬ್ಬವು ಇಲ್ಲಿ ಯಾರಿಗೂ ತಿಳಿಯದು. ತೋಟದ ಯಜಮಾನನು ಇಂಥವನನ್ನು ಇಷ್ಟಪಟ್ಟರೆ ಆಶ್ಚರ್ಯವೇನು?

ಇಲ್ಲಿ ನಾವು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊಸಬರನ್ನು ಸೇರಿಸಿಕೊಳ್ಳುವುದರಿಂದ ಲಾಭ ಹೊಂದುವವನು ಒಬ್ಬನು, ಅದರ ವೆಚ್ಚವನ್ನು ತೆರುವವಳು ಇನ್ನೊಬ್ಬಳು. ಯಜಮಾನನಿಗೆ ಕೂಲಿಯಲ್ಲಿ ಉಳಿತಾಯ. ಕೋಣೆ ಕಟ್ಟಿಸಿದವನಿಗೆ ಬಾಡಿಗೆ. ನಮ್ಮ ಬಡ ತಾಯಿಗೆ ನಲ್ಲಿಯ ಹತ್ತಿರದ ನೂಕುನುಗ್ಗಲು. ಹೀಗಿರಲಾಗಿ ಪ್ರೀತಿಯ ಉಪದೇಶವನ್ನು ಇಬ್ಬರಿಗೂ ಒಂದೇ ಅಳತೆಯಲ್ಲಿ ಅಳೆದು ಕೊಡುವುದು ನ್ಯಾಯವಲ್ಲ. ಅದು ಮೊದಲು ಲಾಭ ಹೊಂದಿದವನ ಬಾಗಿಲಿಗೆ ಹೋಗತಕ್ಕದ್ದು. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿರಿ. ದಿಕ್ಕಿಲ್ಲದ ಕೂಲಿಯವನನ್ನು ಬಾಧಿಸಬೇಡ, ಹೊತ್ತು ಮುಳುಗುವುದರೊಳಗೆ ಅವನ ಕೂಲಿಯನ್ನು ಕೊಡು ಎಂಬ ಅಪ್ಪಣೆ ಅಲ್ಲಿದೆ. ಆ ಕೂಲಿಯವನು ಸ್ವಜನದವನಾಗಲಿ ಪರದೇಶದವನಾಗಲಿ ಎಂದು ಮೋಶೆಯು ಇಬ್ಬರನ್ನೂ ಒಂದೇ ಮಾತಿನಲ್ಲಿ ಕಟ್ಟಿದ್ದಾನೆ. ಇದು ಸುಮ್ಮಗೆ ಕಟ್ಟಿದ್ದಲ್ಲ. ಪರದೇಶಿಯ ಕೂಲಿಯನ್ನು ಇಳಿಸಲಿಕ್ಕೆ ಅವಕಾಶವಾದರೆ ಸ್ವಜನದವನ ಕೂಲಿಯೂ ನಿಲ್ಲದು. ಸರಕಾರವು ಗೊತ್ತುಮಾಡಿದ ಕನಿಷ್ಠ ಕೂಲಿಯು ಊರವನಿಗೂ ಹೊರಗಿನವನಿಗೂ ಒಂದೇ ಆಗಿರುತ್ತದೆ. ಇಬ್ಬರಿಗೂ ಅದು ಸರಿಯಾಗಿ ಸಂದರೆ, ಹೊಸಬನನ್ನು ಕರೆಯುವುದು ಆಳು ಸಾಲದ ಕಾರಣದಿಂದ ಮಾತ್ರವೇ ಆದೀತು, ಅವನ ನಿರುಪಾಯದ ಕಾರಣದಿಂದಲ್ಲ. ಆದಕಾರಣ ನಮ್ಮ ಬಡ ತಾಯಿಯು ಆ ಹೊಸಬಳ ಕೂಲಿಯ ಪರವಾಗಿ ಮಾತಾಡಿದರೆ ತನ್ನ ಕೂಲಿಯ ಪರವಾಗಿಯೇ ಮಾತಾಡಿದ ಹಾಗಾಗುತ್ತದೆ.

ದ್ರಾಕ್ಷೇತೋಟದ ಕೂಲಿಯವರ ಸಾಮ್ಯವನ್ನು ಕೆಲವು ಯಜಮಾನರು ತಮ್ಮ ಇಷ್ಟದಂತೆ ಕೂಲಿ ಕೊಡುವುದಕ್ಕೆ ಆಧಾರವಾಗಿ ಹಿಡಿಯುವುದುಂಟು. ನನ್ನ ಹಣ, ನನ್ನ ಇಷ್ಟ ಎಂದು ಆ ಯಜಮಾನನೂ ಹೇಳಲಿಲ್ಲವೋ? ಎನ್ನುತ್ತಾರೆ. ಹೇಳಿದನು ನಿಜ. ಆದರೆ ಅವನು ಕೊನೆಗೆ ಬಂದವನಿಗೆ ಪೂರಾ ದಿನದ ಕೂಲಿಯನ್ನು ಕೊಟ್ಟು ಆ ಮಾತನ್ನು ಹೇಳಿದನು, ಅರ್ಧ ಹಿಡಿದುಕೊಂಡು ಹೇಳಲಿಲ್ಲ.

ಬಾಡಿಗೆಯ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಕಕ್ಕಸಿಲ್ಲದ ಒಂದು ಕೋಣೆಯಲ್ಲಿ ಹತ್ತು ಜನರನ್ನು ಇಟ್ಟು ತಲೆಗೆ ಇಷ್ಟೆಂದು ವಸೂಲುಮಾಡುವವನೇ, ಈ ಜನರಿಗೆ ಶುಚಿತ್ವವಿಲ್ಲವೆಂದು ದೂರುವುದನ್ನು ಕೇಳಿದವರು ನಗಬೇಕೋ ಅಳಬೇಕೋ ತಿಳಿಯದು.

ಇನ್ನು ಭಯದ ಮಾತು. ಅವರಲ್ಲಿ ಕುಡುಕರಿಲ್ಲವೇ, ಕಳ್ಳರಿಲ್ಲವೇ, ಹೆಂಡತಿಯನ್ನು ಹೊಡೆಯುವವರಿಲ್ಲವೇ? ಇದ್ದಾರೆ. ನಮ್ಮಲ್ಲಿಯೂ ಇದ್ದಾರೆ; ಅವರ ಹೆಸರುಗಳು ನಮ್ಮ ಸಭಾಪುಸ್ತಕದಲ್ಲಿಯೇ ಇವೆ. ಊರವನಿಗೂ ಪರದೇಶಿಗೂ ಒಂದೇ ನ್ಯಾಯವಿರಬೇಕೆಂದು ಮೋಶೆಯ ಧರ್ಮಶಾಸ್ತ್ರವು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ವಿಧಿಸುತ್ತದೆ. ಈ ವಿಧಿಗೆ ಎರಡು ಬಾಯಿಗಳುಂಟು. ಹೊಸಬನು ಕಳ್ಳತನಮಾಡಿದರೆ ಅವನಿಗೆ ಶಿಕ್ಷೆಯಾಗಲಿ. ಬಡವ, ಪರದೇಶಿ ಎಂದು ಬಿಟ್ಟುಬಿಡುವುದು ಪ್ರೀತಿಯಲ್ಲ, ಅದು ಅವನನ್ನು ನೆರೆಯವನೆಂದು ಎಣಿಸದಿರುವುದರ ಇನ್ನೊಂದು ರೂಪವಾಗಿದೆ. ರಾತ್ರಿ ಹನ್ನೆರಡು ಗಂಟೆಯ ತನಕ ಹಾಡಿನ ಪೆಟ್ಟಿಗೆಯನ್ನು ಕೂಗಿಸಿದರೆ ಹೋಗಿ ಹೇಳೋಣ. ಆದರೆ ಒಬ್ಬನು ಕದ್ದದ್ದಕ್ಕೆ ಹತ್ತು ಕೋಣೆಗಳವರನ್ನು ಕಳ್ಳರೆನ್ನುವುದಕ್ಕೆ ಆ ವಿಧಿಯಲ್ಲಿ ಅನುಮತಿಯಿಲ್ಲ. ಇವರು ಬಾಂಗ್ಲಾ ದೇಶದವರು, ಕಾಗದವಿಲ್ಲದೆ ಬಂದವರು ಎಂಬ ಮಾತು ಸಹ ಈಗೀಗ ಹಳ್ಳಿಗಳಲ್ಲಿ ಹೆಚ್ಚಾಗಿದೆ. ಕಾಗದಪತ್ರಗಳನ್ನು ಪರೀಕ್ಷಿಸುವ ಅಧಿಕಾರವು ಸರಕಾರದ್ದು, ಅವರು ಪರೀಕ್ಷಿಸಲಿ. ಅಂಗಡಿಯ ಕಟ್ಟೆಯ ಮೇಲೆ ಕುಳಿತವರಿಗೆ ಆ ಕೆಲಸವನ್ನು ಯಾರೂ ವಹಿಸಿಕೊಟ್ಟಿಲ್ಲ.

ಗಾಳಿಮಾತು ಎಷ್ಟು ದೂರ ಹೋಗುತ್ತದೆಂಬದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಗಳುಂಟು. ೨೦೧೨ರ ಆಗಸ್ಟ್ ತಿಂಗಳಲ್ಲಿ, ಈಶಾನ್ಯ ಪ್ರಾಂತಗಳವರನ್ನು ಹೊಡೆಯುವರಂತೆ ಎಂಬ ಸುಳ್ಳು ಸಂದೇಶಗಳು ಫೋನುಗಳಲ್ಲಿ ಹಬ್ಬಿ, ಬೆಂಗಳೂರಲ್ಲಿ ಕೆಲಸಕ್ಕಿದ್ದ ಸಾವಿರಾರು ಜನರು ಒಂದೆರಡು ದಿವಸಗಳಲ್ಲಿಯೇ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿಯ ರೈಲುಗಳನ್ನು ಹತ್ತಿದರು. ಅಷ್ಟು ವರುಷ ನಮ್ಮ ನಡುವೆ ಇದ್ದವರು, ಏನೂ ಆಗದು, ನಾವಿದ್ದೇವೆ ಎಂಬ ಒಂದು ಮಾತನ್ನು ನಂಬುವಷ್ಟು ಪರಿಚಿತನಾದ ನೆರೆಯವನನ್ನು ಹೊಂದಿರಲಿಲ್ಲವೆಂಬದೇ ಅದರಲ್ಲಿ ದುಃಖಕರವಾದ ಸಂಗತಿ. ೨೦೧೮ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯ ಬಳಿಯಲ್ಲಿ ನಡೆದದ್ದು ಇನ್ನೂ ಘೋರ. ಹೈದರಾಬಾದಿನಿಂದ ಸ್ನೇಹಿತನ ಊರಿಗೆ ಬಂದ ತರುಣರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಮಿಠಾಯಿ ಕೊಟ್ಟರು. ಮಕ್ಕಳ ಕಳ್ಳರು ಬಂದರೆಂದು ಫೋನುಗಳಲ್ಲಿ ಸುದ್ದಿ ಹಬ್ಬಿತು, ಜನರು ಗುಂಪುಗೂಡಿ ಬಡಿದರು, ಒಬ್ಬನು ಸತ್ತನು. ಬಡಿದವರು ಹಳ್ಳಿಯ ಸಾಧಾರಣ ಜನರು, ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದು ನಂಬಿದವರು. ನಮ್ಮ ಸಭೆಯ ತರುಣರ ಫೋನುಗಳಿಗೂ ಇಂಥ ಸಂದೇಶಗಳು ಬರುತ್ತವೆ. ತಾನು ಕಣ್ಣಾರೆ ಕಾಣದ ಸಂಗತಿಯನ್ನು ಮತ್ತೊಬ್ಬನಿಗೆ ದಾಟಿಸುವವನು ಸುಳ್ಳುಸಾಕ್ಷಿಯ ಆಜ್ಞೆಯನ್ನು ಬೆರಳ ತುದಿಯಿಂದ ಮೀರಿದವನಾಗುತ್ತಾನೆ.

ಅವರು ಕನ್ನಡ ಕಲಿಯುವುದಿಲ್ಲವೆಂಬ ದೂರು ಒಂದುಂಟು. ಇದ್ದ ಊರಿನ ಮಾತನ್ನು ಕಲಿಯತಕ್ಕದ್ದು ನ್ಯಾಯವೇ. ೧೮೯೪ರಲ್ಲಿ ದೊಡ್ಡ ನಿಘಂಟನ್ನು ಅಚ್ಚುಹಾಕಿಸಿದ ಕಿಟ್ಟೆಲ್ ಅಯ್ಯನವರು ಸಹ ಒಂದು ಕಾಲದಲ್ಲಿ ನೀರಿಗೆ ಏನನ್ನುತ್ತೀರಿ ಎಂದು ಕೇಳಿ ಕಲಿತವರು. ಆದರೆ ಅವರಿಗೆ ಕಲಿಸಲಿಕ್ಕೆ ಜನರಿದ್ದರು, ತಪ್ಪಿ ನುಡಿದಾಗ ನಕ್ಕು ತಿದ್ದುವವರಿದ್ದರು. ಹೊಸಬನೊಂದಿಗೆ ಬಾ, ಹೋಗು, ಎತ್ತು, ಇಳಿಸು ಎಂಬ ನಾಲ್ಕು ಮಾತುಗಳಲ್ಲಿ ದಿನ ಕಳೆಯುವ ಊರು, ಅವನು ಐದನೆಯ ಮಾತನ್ನು ಕಲಿಯಲಿಲ್ಲವೆಂದು ದೂರಬಾರದು. ಮಕ್ಕಳ ವಿಷಯದಲ್ಲಾದರೋ ಕೆಲಸವು ಸುಲಭ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರುಷದ ಮಗುವನ್ನು, ಹುಟ್ಟಿದ ತಾರೀಖಿನ ದಾಖಲೆ ಇಲ್ಲವೆಂದಾಗಲಿ ಹಿಂದಿನ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಶಾಲೆಗೆ ಸೇರಿಸದೆ ಹಿಂದಕ್ಕೆ ಕಳುಹಿಸಕೂಡದು. ಇದನ್ನು ಅರಿಯದ ತಂದೆತಾಯಿಗಳು ಮಕ್ಕಳನ್ನು ಕಾಫಿ ಗಿಡದ ಬುಡದಲ್ಲಿ ಕೂರಿಸಿಕೊಳ್ಳುತ್ತಾರೆ. ಸಭೆಯವರಲ್ಲಿ ಓದುಬರಹ ಬಲ್ಲ ಒಬ್ಬನು ಅವರೊಂದಿಗೆ ಶಾಲೆಯ ತನಕ ನಡೆದರೆ ಸಾಕು. ಒಂದು ವರುಷದೊಳಗೆ ಆ ಮಗುವು ತನ್ನ ತಾಯಿಗೆ ಅಂಗಡಿಯಲ್ಲಿ ದ್ವಿಭಾಷಿಯಾಗುವದು.

ಪಡಿತರದ ವಿಷಯವೂ ಹಾಗೆಯೇ. ೨೦೨೦ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಹಾಕಿದಾಗ, ಹಣವಿಲ್ಲದೆ ಅಕ್ಕಿಯಿಲ್ಲದೆ ಹೆದ್ದಾರಿಗಳಲ್ಲಿ ನಡೆದು ಹೋದ ಕೂಲಿಯವರನ್ನು ನಾವೆಲ್ಲರೂ ನೋಡಿದೆವು. ಈಗ ಒಂದು ದೇಶ ಒಂದು ಪಡಿತರ ಚೀಟಿ ಎಂಬ ಏರ್ಪಾಡು ಇದೆ; ೨೦೨೨ರ ಜೂನಿನಲ್ಲಿ ಅಸ್ಸಾಮವೂ ಸೇರಿದ್ದರಿಂದ ಅದು ಎಲ್ಲಾ ಪ್ರಾಂತಗಳಿಗೂ ವ್ಯಾಪಿಸಿತು. ತನ್ನ ಊರಿನ ಆಹಾರ ಭದ್ರತೆಯ ಚೀಟಿಯುಳ್ಳವನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳೊತ್ತಿ ಧಾನ್ಯವನ್ನು ಪಡೆಯಬಹುದು. ತನ್ನ ಪಾಲನ್ನು ಇಲ್ಲಿ ತೆಗೆದುಕೊಂಡರೆ ಮಿಕ್ಕ ಪಾಲನ್ನು ಊರಲ್ಲಿರುವ ಮನೆಯವರು ಅಲ್ಲಿ ತೆಗೆದುಕೊಳ್ಳಬಹುದು. ಇದು ಅವನಿಗೆ ದಾನವಲ್ಲ, ಅವನ ಪಾಲೇ.

ಹೊರಗಿನವರು ಎಂಬ ಮಾತನ್ನು ಆಡುವ ಮೊದಲು ನಮ್ಮ ಮನೆಗಳೊಳಗೆ ಒಂದು ಸಾರಿ ನೋಡೋಣ. ೨೦೧೧ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಸುಮಾರು ೪೫ ಕೋಟಿ ಜನರು ತಾವು ಮೊದಲಿದ್ದ ಸ್ಥಳವನ್ನು ಬಿಟ್ಟು ಬೇರೆ ಸ್ಥಳದಲ್ಲಿ ವಾಸಿಸುತ್ತಿದ್ದರು. ಅವರಲ್ಲಿ ಅತಿ ದೊಡ್ಡ ಪಾಲು ಮದುವೆಯಾಗಿ ಗಂಡನ ಮನೆಗೆ ಬಂದ ಹೆಂಗಸರದು. ಎಂದರೆ, ನಮ್ಮ ಒಲೆಯ ಮುಂದೆ ಕುಳಿತು ಅಡಿಗೆ ಮಾಡುವವಳೇ ವಲಸೆ ಬಂದವಳು. ಮೋವಾಬಿನ ರೂತಳು ಸೊಸೆಯೂ ಪರದೇಶಿಯೂ ಆಗಿ ಬೇತ್ಲೆಹೇಮಿಗೆ ಬಂದು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದನ್ನು ತಾಯಂದಿರ ಕೂಟದಲ್ಲಿ ಎಷ್ಟೋ ಸಾರಿ ಓದಿದ್ದೇವೆ. ಮತ್ತು ನಮ್ಮವರೇ ಹೊರಗೆ ಹೋಗಿರುವ ಸ್ಥಳಗಳುಂಟು. ಬಿಜಾಪುರ, ಕಲಬುರ್ಗಿ, ರಾಯಚೂರು ಸೀಮೆಗಳ ಕೂಲಿಯವರು ಹಲವು ವರುಷಗಳಿಂದ ಗೋವೆಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಘಾಟಿಗಳೆಂದು ಹೆಸರು. ವಾಸ್ಕೋದ ಬೈನಾ ಕಡಲತೀರದಲ್ಲಿ ಅವರ ಮನೆಗಳನ್ನು ೨೦೧೭ರಲ್ಲಿ ಕೆಡವಿದಾಗ ಕನ್ನಡ ನಾಡಿನಲ್ಲೆಲ್ಲಾ ಸಂಕಟವಾಯಿತು, ನಮ್ಮವರಿಗೆ ನ್ಯಾಯ ಬೇಕೆಂದೆವು. ಬೈನಾದಲ್ಲಿ ಕನ್ನಡಿಗನಿಗೆ ಸಲ್ಲಬೇಕಾದದ್ದು ಸಿದ್ದಾಪುರದಲ್ಲಿ ಉರಾಂವನಿಗೂ ಸಲ್ಲುತ್ತದೆ.

ದೊಡ್ಡದಾಗಿ ನೆಲೆಗೊಳಿಸಿದ ಉದಾಹರಣೆಯೂ ನಮ್ಮ ನೆರೆಯಲ್ಲಿದೆ. ೧೯೬೦ರಲ್ಲಿ ಮೈಸೂರು ಸರಕಾರವು ಕುಶಾಲನಗರದ ಹತ್ತಿರ ಬೈಲುಕುಪ್ಪೆಯಲ್ಲಿ ಟಿಬೇಟದ ನಿರಾಶ್ರಿತರಿಗೆ ಸುಮಾರು ೩೦೦೦ ಎಕರೆ ಕಾಡು ಭೂಮಿಯನ್ನು ಬಿಟ್ಟುಕೊಟ್ಟಿತು. ಅವರು ಮರ ಕಡಿದು ಮೆಕ್ಕೆಜೋಳ ಬಿತ್ತಿದರು. ಸುತ್ತಲಿನವರೊಂದಿಗೆ ಮನಸ್ತಾಪಗಳು ಆಗಲಿಲ್ಲವೆಂದಲ್ಲ. ಆದರೆ ಭೂಮಿಯೂ ಶಾಲೆಯೂ ಮೊದಲೇ ಗೊತ್ತಾಗಿದ್ದರಿಂದ ಮನಸ್ತಾಪಗಳಿಗೆ ಒಂದು ಮೇರೆಯಿತ್ತು. ತೋಟದ ಕೂಲಿಯವನಿಗೆ ಇಂಥದೊಂದೂ ಇಲ್ಲ. ಅವನ ನೆಲೆಯು ನೆರೆಯವರ ಮನಸ್ಸಿನ ಮೇಲೆಯೇ ನಿಂತಿದೆ.

ಸಭೆಯೊಳಗಿನ ಮಾತಿಗೆ ಬರುತ್ತೇವೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ, ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಕಡಿಮೆಯಾಗುತ್ತದೆಂಬ ಗುಣುಗುಟ್ಟುವಿಕೆ ಹುಟ್ಟಿತು. ಆದಿಸಭೆಯಲ್ಲಿಯೂ ಕೊಡವು ಹಿಂದಕ್ಕೆ ಸರಿಯುತ್ತಿತ್ತು! ಅಪೊಸ್ತಲರು ಪ್ರೀತಿಯ ವಿಷಯವಾಗಿ ಒಂದು ಪ್ರಸಂಗವನ್ನು ಮಾಡಿ ಮುಗಿಸಬಹುದಾಗಿತ್ತು, ಹಾಗೆ ಮಾಡಲಿಲ್ಲ. ಏಳು ಜನರನ್ನು ಆರಿಸಿ ಹಂಚಿಕೆಯನ್ನೇ ಅವರ ಕೈಗೆ ಕೊಟ್ಟರು. ಸ್ತೆಫನನಿಂದ ಹಿಡಿದು ಅಂತಿಯೋಕ್ಯದ ನಿಕೊಲಾಯನ ತನಕ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರು ಹೇಳಿದವರ ಪಕ್ಷದವರ ಕೈಗೇ ಸೌಟನ್ನು ಕೊಟ್ಟ ಹಾಗಾಯಿತು. ನಮ್ಮ ಸುಗ್ಗಿಹಬ್ಬದಲ್ಲಿ ಹೊಸಬರಿಗೆ ಅನ್ನ ಬಡಿಸುತ್ತೇವೆ, ಅದು ಒಳ್ಳೇದು. ಅವರಲ್ಲೊಬ್ಬನು ಬಡಿಸುವವನಾಗಿ, ಇಬ್ಬರು ಹಬ್ಬದ ಕಮಿಟಿಯಲ್ಲಿ ಕುಳಿತದ್ದನ್ನು ಯಾವ ಸಭೆಯಲ್ಲಿ ನೋಡಿದ್ದೇವೆ?

ಕೊನೆಯದಾಗಿ, ಹಿರಿಯರು ಮಾತಾಡಲಿಕ್ಕೆ ಇಷ್ಟಪಡದ ಒಂದು ವಿಷಯ ಉಳಿದಿದೆ. ಸಭಾ ವಂತಿಗೆಯನ್ನು ಕೊಟ್ಟವರಿಗೆ ಮಾತ್ರವೇ ಸಮಾಧಿಸ್ಥಳದಲ್ಲಿ ಜಾಗವೆಂಬ ನಿಯಮವು ನಮ್ಮ ಅನೇಕ ಸಭೆಗಳಲ್ಲಿದೆ. ಸ್ಥಳವು ಚಿಕ್ಕದು, ಕುಟುಂಬಗಳು ಹೆಚ್ಚಿದವು. ನಿಯಮಕ್ಕೆ ಕಾರಣವಿಲ್ಲದೆ ಇಲ್ಲ. ಆದರೆ ಮರ ಕಪಾತು ಮಾಡುವಾಗ ಬಿದ್ದು ಸತ್ತ ಒಬ್ಬ ಹೊಸಬನ ಶವವನ್ನು ಎರಡು ಮೂರು ದಿವಸದ ದಾರಿಯಾದ ರಾಂಚಿಗೆ ಕಳುಹಿಸುವುದಕ್ಕೆ ಅವನ ಹೆಂಡತಿಯ ಹತ್ತಿರ ಏನಿರುತ್ತದೆ? ಅಬ್ರಹಾಮನಿಗೆ ಕಾನಾನ್ ದೇಶವೆಲ್ಲಾ ವಾಗ್ದಾನವಾಗಿದ್ದರೂ ಅವನು ಅಲ್ಲಿ ಕ್ರಯಕ್ಕೆ ಕೊಂಡ ಮೊದಲನೆಯ ಭೂಮಿಯು ಸಾರಳ ಸಮಾಧಿಗಾಗಿತ್ತು. ನಾನು ನಿಮ್ಮಲ್ಲಿ ಪರದೇಶಿಯೂ ಪ್ರವಾಸಿಯೂ ಆಗಿದ್ದೇನೆಂದು ಅವನು ಕೈಕಟ್ಟಿ ಕೇಳಿದಾಗ, ದೇವರನ್ನರಿಯದ ಆ ಹಿತ್ತಿಯರು, ನಮ್ಮ ಸಮಾಧಿಗಳಲ್ಲಿ ನಿನಗೆ ಉತ್ತಮವೆಂದು ತೋರಿದ್ದರಲ್ಲಿಯೇ ಹೂಣಿಡು, ಯಾರೂ ಅಡ್ಡಿಮಾಡುವುದಿಲ್ಲ ಎಂಬ ಅರ್ಥದ ಮಾತನ್ನಾಡಿದರು. ಅವನು ಒಪ್ಪದೆ ೪೦೦ ಶೇಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟನೆಂಬದು ಅವನ ಮರ್ಯಾದೆ. ಮೊದಲು ಹಾಗೆ ಹೇಳಿದ್ದು ಅವರ ಮರ್ಯಾದೆ. ನಮ್ಮ ಹಳೇ ಸಮಾಧಿಸ್ಥಳಗಳಲ್ಲಿ, ಕಡಲಾಚೆಯಿಂದ ಬಂದು ಜ್ವರದಿಂದ ಸತ್ತ ಬೋಧಕರ, ಅವರ ಹೆಂಡಂದಿರ, ಅವರ ಕೂಸುಗಳ ಕಲ್ಲುಗಳಿವೆ. ಪ್ರತಿ ವರುಷ ಪುನರುತ್ಥಾನದ ಹಬ್ಬಕ್ಕೆ ಮುಂಚೆ ನಾವು ಅವುಗಳ ಪಾಚಿಯನ್ನು ತೊಳೆಯುತ್ತೇವೆ.

ಮುಂದಿನ ಸಭಾಹಿರಿಯರ ಕೂಟದಲ್ಲಿ ಈ ನಿಯಮವನ್ನು ತಿರಿಗಿ ವಿಚಾರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಮರಣವಾದ ರಾತ್ರಿ ಕೂಡಿ ಚರ್ಚಿಸುವುದಕ್ಕೆ ಸಮಯವಿರುವುದಿಲ್ಲ, ಹಟವೇ ಹೆಚ್ಚಾಗಿರುತ್ತದೆ. ಸುಗ್ಗಿಯ ಜನರು ಬಂದಿಳಿಯುವುದಕ್ಕೆ ಮುಂಚೆಯೇ ಗೊತ್ತುಮಾಡಿ, ಎಷ್ಟು ಜಾಗವೆಂಬದನ್ನೂ ಯಾವ ಮೂಲೆಯೆಂಬದನ್ನೂ ಕೂಟದ ಪುಸ್ತಕದಲ್ಲಿ ಬರೆದಿಡಲಿ. ಆ ಮೂಲೆಯು ಬೇಲಿಯ ಹೊರಗೆ ಇರಬಾರದು.